ಅರವತ್ತೆರಡು ಸೊನ್ನೆ ಐದು

ನೀರು ಕುಡಿಯುವಾಗ ಸುಮ್ಮನಿರುತ್ತದೆ,
ಒಗೆಯುವಾಗಲೂ, ಉಗುಳುವಾಗಲೂ.
ಹಿಂಡಲು ತೊಡಗಿದರೆ ಮಾತ್ರ
ಜಲ್ಲಿ ತುಂಬಿದ ಲಾರಿ ಬಚ್ಚಲಿಗೇ ನುಗ್ಗಿದಂತೆ
ಗೊರಗೊರ, ಗೊರಗೊರ.
ಕೆಳಮನೆಯ ನಸೀಮಾ ಹೊರಗೆ ಬಂದು ಮೇಲೆ ನೋಡುತ್ತಾಳೆ.
ಮೆಷಿನ್ನು ಒಂದು ಗೇಣು ಜರುಗಿ
ಬಾಗಿಲಿಗೆ ಅಡ್ಡ ನಿಲ್ಲುತ್ತದೆ.

ಕಾಲಡಿಗೆ ರಟ್ಟು ಕೊಟ್ಟೆ. ಬಟ್ಟೆ ಕಡಿಮೆ ಹಾಕಿದೆ.
ಫಿಲ್ಟರು ತಿರುಚಿ ತೆಗೆದೆ: ಹೇರ್‌ಪಿನ್ನು, ಖಾಕಿ ಗುಂಡಿ,
ಲಾಟು ಚೀಟಿಯ ಮುದ್ದೆ,
ನನ್ನ ಜೇಬಿಂದಲೇ ಹೋದ ಒಂದು ರೇಷ್ಮೆಗೂಡು,
ಏಳೆಂಟು ಸಲ ಒಗೆಸಿಕೊಂಡು ಇನ್ನೂ ಬಿಚ್ಚಿಕೊಳ್ಳದ್ದು.
ತೊಳೆದು ಹಾಕಿದೆ. ಗೊರಗೊರ.

ಚಿಂತಾಮಣಿಯಿಂದ ಕಂಪನಿ ಹುಡುಗ ಬಂದ.
ಒಳಗೆ ಮೊಬೈಲಿನ ಬೆಳಕು ಬಿಟ್ಟು
"ನಿಮ್ಮೂರ ನೀರು, ಮೇಡಂ" ಅಂದ,
ಹಲ್ಲಿನ ಡಾಕ್ಟರು ನನ್ನ ಬಾಯಿ ನೋಡಿ ಅಂದ ಹಾಗೆಯೇ.
ಹೌದಪ್ಪ, ಸಾವಿರದ ನಾನೂರು ಅಡಿಯ ನೀರು.
ಹಲ್ಲಿಗೆ ಕಂದು, ಹೀಟರಿಗೆ ಸುಣ್ಣ.
"ಬೇರಿಂಗು ಒಂದೇ ಬರಲ್ಲ, ತೊಟ್ಟಿ ಅಂಟಿಸೇ ಕಳಿಸ್ತಾರೆ.
ಪೂರ್ತಿ ಸೆಟ್ಟು ಒಂಬತ್ತು ಸಾವಿರದ ಆರುನೂರು.
ಏಳು ವರ್ಷ ಆಯ್ತಲ್ಲ, ಹೊಸದೇ ತಗೊಳ್ಳಿ,
ಕಂತು ನಾನೇ ಮಾಡಿಸಿಕೊಡ್ತೀನಿ."
ನೋಡಿದ್ದಕ್ಕೆ ನಾನೂರ ಐವತ್ತು.

ದಿನವೆಲ್ಲ ಮಾರ್ಕೆಟ್ಟಿನಲ್ಲಿ ಗೂಡಿನ ತೂಕ ಬರೆಯುವವಳು ನಾನು.
ಆ ರಾತ್ರಿ ಅವನ ಬಿಲ್ಲಿನ ಬೆನ್ನ ಮೇಲೆ
ಈ ಕಡೆ ಒಂಬತ್ತು ಸಾವಿರದ ಆರುನೂರು,
ಆ ಕಡೆ ಇಪ್ಪತ್ತೊಂದು ಸಾವಿರ ಇಟ್ಟೆ.
ಮುಳ್ಳು ಎಲ್ಲೂ ನಿಲ್ಲಲಿಲ್ಲ.
ಇದನ್ನು ತಂದದ್ದು ಬಟ್ಟೆಗಲ್ಲ.
ಮೂವತ್ತೊಂದು ವರ್ಷ ಬಿಸಿನೀರಲ್ಲಿ ಎಳೆ ಹುಡುಕಿ
ಅಮ್ಮನ ಬೆರಳ ಸಂದಿಗಳು ಬಿಳಿಚಿ ಬಿರಿದಿದ್ದವು,
ಸೋಪು ತಾಗಿದರೆ ತುಟಿ ಕಚ್ಚುತ್ತಿದ್ದಳು.
ಇದನ್ನೂ ಬರೆಯಬೇಕು: ಮೆಷಿನ್ನು ಬಂದ ದಿನ
ಕಂಡಕ್ಟರ್ ತಮ್ಮನ ಅಂಗಿ ಬೆಳಕಿಗೆ ಹಿಡಿದು
"ಕಾಲರು ಹಂಗೇ ಐತೆ" ಅಂದವಳೂ ಅವಳೇ.

ಮರುದಿನ ಬರೀ ಮೆಷಿನ್ನು ಓಡಿಸಿದೆ, ಸದ್ದು ಕೇಳಲು.
ಅಮ್ಮ ಅವರೆಕಾಳು ಹಿಚುಕುತ್ತಿದ್ದಳು. ತಲೆ ಎತ್ತಲಿಲ್ಲ.
"ರಾಟೆ ಬುಷ್ಷು ತಿಂದೈತೆ."
ರಾಟೆ ಅಲ್ಲಮ್ಮ, ಒಳಗೆ ಕಂಪ್ಯೂಟರು ಇದೆ.
"ತಿರುಗೋದೆಲ್ಲ ರಾಟೇನೇ.
ಕೈಯಾಗೆ ಹಿಡಿದು ಮೇಲಕ್ಕೆ ಎತ್ತು. ಆಡ್ತದಾ?"
ಎತ್ತಿದೆ.
ಹಾಲುಹಲ್ಲಿನ ಹಾಗೆ ಆಡಿತು.

ಚಾಂದ್ ಪಾಷ, ರೀಲಿಂಗ್ ಯೂನಿಟ್ಟುಗಳ ಮೋಟಾರು ಕಟ್ಟುವವನು,
ಭಾನುವಾರ ಬಂದ. ನಾಲ್ಕು ಜನ ಸೇರಿ ತೊಟ್ಟಿ ಹೊರಗೆಳೆದೆವು.
ಅಂಟಿನ ಗೆರೆಗೆ ಗರಗಸದ ಅಲಗು ಇಟ್ಟು
"ಕೊಯ್ದರೆ ಕಂಪನಿಯವರು ಮತ್ತೆ ಮುಟ್ಟಲ್ಲ ಅಕ್ಕ,
ಗ್ಯಾರಂಟಿ ನಾನೂ ಕೊಡಲ್ಲ."
ತಮ್ಮ ನನ್ನ ಮುಖ ನೋಡಿದ, ನಾನು ಬಿಲ್ಲು ನೋಡಿದೆ.
ಅಮ್ಮ ಒಳಗಿಂದಲೇ "ಕೊಯ್ಯಿ" ಅಂದಳು.

ಬೇರಿಂಗು ತುಕ್ಕಿನ ಕೆಸರು ಕಾರುತ್ತ ಬಂತು.
ಸೀಮೆಎಣ್ಣೆಯಲ್ಲಿ ಉಜ್ಜಿದರೆ ಅಂಚಿನ ಮೇಲೆ ಅಂಕಿ:
ಅರವತ್ತೆರಡು ಸೊನ್ನೆ ಐದು.
ಚಾಂದ್ ಪಾಷ ಜೋರಾಗಿ ನಕ್ಕುಬಿಟ್ಟ.
ಶಿಡ್ಲಘಟ್ಟದ ಅರ್ಧ ಮೋಟಾರುಗಳ ಹೊಟ್ಟೆಯಲ್ಲಿ ಅದೇ,
ದಿಬ್ಬೂರಹಳ್ಳಿ ರಸ್ತೆಯ ಅಂಗಡಿಯಲ್ಲಿ
ಬತ್ತಾಸಿನಂತೆ ಡಬ್ಬಿಗಟ್ಟಲೆ, ಇನ್ನೂರ ತೊಂಬತ್ತು ರೂಪಾಯಿ.
ಸೀಲು, ಸಿಲಿಕಾನು, ಇಪ್ಪತ್ತೆರಡು ಸ್ಕ್ರೂ, ಅವನ ಕೂಲಿ,
ಒಟ್ಟು ಎರಡು ಸಾವಿರದ ಮುನ್ನೂರು.
ಹಿಂದಿನ ಮೂರು ಕಾಲಿನ ಕಂಬಿ ಉಗುರಲ್ಲಿ ಕೆರೆದು,
ಉದುರಿದ ಪುಡಿ ನನಗೆ ತೋರಿಸಿ,
ಏನೂ ಹೇಳದೆ ಮುಚ್ಚಿದ.

ಈಗ ಸದ್ದಿಲ್ಲ. ನಸೀಮಾ ಮೇಲೆ ನೋಡುವುದಿಲ್ಲ.
ಎಲ್ಲೋ ಒಂದು ಸ್ಕ್ರೂ ಸರಿಯಾಗಿ ಕೂತಿಲ್ಲ,
ಹನಿಗೊಂದು ಪಾವು ಇಟ್ಟಿದ್ದೇವೆ.
ಸಂಜೆ ನಾನು ಮನೆಗೆ ಬರುವ ಹೊತ್ತಿಗೆ
ಬಟ್ಟೆ ಒಣಗಿರುತ್ತದೆ, ಪಾವು ಖಾಲಿ ಇರುತ್ತದೆ,
ಕಾಲರು ಬೆಳ್ಳಗಿರುತ್ತದೆ,
ಬಚ್ಚಲ ಕಿಟಕಿಯಲ್ಲಿ ಬ್ರಷ್ಷು ಒದ್ದೆ.